ನೆಪ ಮತ್ತು ಕಾರಣ: ಹತ್ತಿಯಿಂದ ಎಣ್ಣೆಯವರೆಗೆ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಬೇಕೆಂದು ಕೇಳಿದಾಗ ನನಗೆ ಮೊದಲು ನೆನಪಾದದ್ದು ಕರಿಹಲಗೆಯ ಮೇಲಿನ ಒಂದು ಗೆರೆ. 1991ರ ಜನವರಿ. ನಾನಾಗ ಒಂಬತ್ತನೆಯ ತರಗತಿಯಲ್ಲಿದ್ದೆ. ಇತಿಹಾಸ ಹೇಳುತ್ತಿದ್ದ ಗುರುಗಳು ಹಲಗೆಯ ನಡುವೆ ಉದ್ದಕ್ಕೆ ಒಂದು ಗೆರೆ ಎಳೆದು, ಎಡಕ್ಕೆ 'ನೆಪ', ಬಲಕ್ಕೆ 'ಕಾರಣ' ಎಂದು ಬರೆದರು. ಯಾವ ಯುದ್ಧದ ಪಾಠ ಬಂದರೂ ಈ ಎರಡು ಕಂಬಸಾಲು ತುಂಬಿಸದೆ ಅವರು ಮುಂದಕ್ಕೆ ಹೋಗುತ್ತಿರಲಿಲ್ಲ.

ಆ ದಿನಗಳಲ್ಲಿ ಯುದ್ಧ ನಮ್ಮ ಮನೆಯೊಳಗೂ ಬಂದಿತ್ತು. ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಎತ್ತರದ ಚಿಮಣಿಗಳು ನಮ್ಮ ಅಂಗಳಕ್ಕೆ ಕಾಣುತ್ತಿದ್ದವು. ಆದರೆ ನಮ್ಮ ಮನೆಗೆ ಇನ್ನೂ ಕರೆಂಟು ಇರಲಿಲ್ಲ. ನಾನು ಓದುತ್ತಿದ್ದದ್ದು ಚಿಮಣಿ ದೀಪದಲ್ಲಿ, ಅವ್ವ ಅಡಿಗೆ ಮಾಡುತ್ತಿದ್ದದ್ದು ಸ್ಟೋವಿನಲ್ಲಿ. ಪಡಿತರ ಚೀಟಿ ಮತ್ತು ಡಬ್ಬಿ ಹಿಡಿದು ಚಿಮಣಿ ಎಣ್ಣೆಗೆ ಪಾಳಿ ನಿಲ್ಲುವುದು ನನ್ನ ಕೆಲಸ. ಆ ಚಳಿಗಾಲ ಎರಡು ಸಲ ಖಾಲಿ ಡಬ್ಬಿ ಹಿಡಿದು ವಾಪಸು ಬಂದೆ. ಅವ್ವ ಕೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: "ಎಲ್ಲೋ ಲಡಾಯಿ ಆದ್ರ ನಮ್ಮ ಸ್ಟೋವ್ ಯಾಕ ಆರ್ತದೋ?"

ನನ್ನ ಪಕ್ಕದ ಬೆಂಚಿನ ಗೆಳೆಯನ ತಂದೆ ಕುವೈತಿನಲ್ಲಿ ಡ್ರೈವರ್ ಆಗಿದ್ದರು. 1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ಆಮೇಲೆ ಎಷ್ಟೋ ದಿನ ಅವರ ಸುದ್ದಿಯೇ ಇಲ್ಲ. ಆ ವರ್ಷ ಭಾರತ ಸರ್ಕಾರ ಜೋರ್ಡಾನಿನ ಅಮ್ಮಾನ್‌ನಿಂದ ಏರ್ ಇಂಡಿಯಾ ವಿಮಾನಗಳಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಜನರನ್ನು ಊರಿಗೆ ತಂದಿತು. ಅವರಲ್ಲಿ ಅವರೂ ಒಬ್ಬರು. ಹನ್ನೊಂದು ವರ್ಷದ ದುಡಿಮೆ ಬಿಟ್ಟು, ಒಂದು ಚೀಲ ಹಿಡಿದು ಬಂದರು.

ನಾನು ತರಗತಿಯಲ್ಲಿ ಅವ್ವನ ಪ್ರಶ್ನೆಯನ್ನೇ ಕೇಳಿದೆ. ಗುರುಗಳು ನಗಲಿಲ್ಲ. "ಇದಕ್ಕ ಉತ್ತರ ಇರಾಕಿನಾಗ ಹುಡುಕಬ್ಯಾಡ, ಮೊದಲು ರಾಯಚೂರಾಗ ಹುಡುಕು" ಎಂದರು. ಆಗ ಅರ್ಥವಾಗಲಿಲ್ಲ. ಮುಂದೆ ನಾನೂ ಇತಿಹಾಸದ ಶಿಕ್ಷಕನಾದ ಮೇಲೆ ಹುಡುಕಿದೆ. ಸಿಕ್ಕಿದ್ದನ್ನು ಇಲ್ಲಿ ಹೇಳುತ್ತೇನೆ.

ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ನಮ್ಮ ಎಡೆದೊರೆ ನಾಡಿಗಾಗಿ ನಡೆದಷ್ಟು ಕಾಳಗ ದಕ್ಷಿಣದಲ್ಲಿ ಬೇರೆ ಸೀಮೆಗೆ ನಡೆದಿರಲಿಕ್ಕಿಲ್ಲ. 1406ರಲ್ಲಿ ಬಹಮನಿ ಫಿರೋಜ್ ಷಾ ಮತ್ತು ವಿಜಯನಗರದ ಒಂದನೆಯ ದೇವರಾಯನ ನಡುವೆ ಯುದ್ಧವಾಯಿತು. ಮುದಗಲ್ಲಿನ ಅಕ್ಕಸಾಲಿಗನ ಚೆಲುವೆ ಮಗಳಿಗಾಗಿ ನಡೆಯಿತೆಂದು ಫೆರಿಷ್ತಾ ಬರೆದಿದ್ದಾನೆ. 1520ರಲ್ಲಿ ಕೃಷ್ಣದೇವರಾಯ ರಾಯಚೂರಿನ ಕೋಟೆಗೆ ಮುತ್ತಿಗೆ ಹಾಕಿದ. ಗೋವೆಯಲ್ಲಿ ಕುದುರೆ ಕೊಳ್ಳಲು ರಾಯ ಕೊಟ್ಟ 40,000 ಹೊನ್ನಿನ ನಾಣ್ಯಗಳನ್ನು ಹಿಡಿದು ಒಬ್ಬ ವ್ಯಾಪಾರಿ ಆದಿಲ್ ಷಾಹಿ ರಾಜ್ಯಕ್ಕೆ ಓಡಿಹೋದ, ಅವನನ್ನು ಒಪ್ಪಿಸದ ಕಾರಣ ಯುದ್ಧವಾಯಿತು ಎಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ.

ಚೆಲುವೆಯೂ ಓಡಿಹೋದ ವ್ಯಾಪಾರಿಯೂ ಎಡಗಡೆಯ ಕಂಬಸಾಲಿಗೆ ಸೇರುವವರು. ಬಲಗಡೆ ಬರೆಯಬೇಕಾದದ್ದು ಎರಡು ನದಿಗಳ ನೀರು, ಎರೆಭೂಮಿ, ರಾಯಚೂರು-ಮುದಗಲ್ಲಿನ ಕೋಟೆಗಳು, ಅವುಗಳ ಕಂದಾಯ. ನೂನಿಜ್ ಕೂಡ ರಾಯನಿಗೆ ರಾಯಚೂರಿನ ಮೇಲೆ ಮೊದಲಿನಿಂದ ಕಣ್ಣಿತ್ತೆಂಬುದನ್ನು ಮುಚ್ಚಿಡುವುದಿಲ್ಲ. ನಮ್ಮ ರಾಯನ ಮೇಲೆ ನಮಗೆಷ್ಟೇ ಅಭಿಮಾನವಿದ್ದರೂ ಈ ಗೆರೆಯನ್ನು ಅವನಿಗೂ ಎಳೆಯಬೇಕು. ಪರರ ಯುದ್ಧಕ್ಕೆ ಮಾತ್ರ ಎಳೆದರೆ ಅದು ಇತಿಹಾಸವಲ್ಲ.

ಇನ್ನು ಪಶ್ಚಿಮದವರ ಸಂಗತಿಗೆ ಬರೋಣ. ನಮ್ಮ ಸೀಮೆ ಏಳು ವರ್ಷ ಇಂಗ್ಲಿಷರ ಕೈಯಲ್ಲಿತ್ತೆಂಬುದು ನಮ್ಮ ಊರಿನವರಿಗೇ ಹೆಚ್ಚು ಗೊತ್ತಿಲ್ಲ. ಅದು ನಡೆದ ಬಗೆ ಹೀಗೆ. 1800ರ ಒಪ್ಪಂದದಂತೆ ನಿಜಾಮನು ಕಂಪನಿಯ ಸೈನ್ಯವನ್ನು ತನ್ನ ರಾಜ್ಯದಲ್ಲಿ ಇಟ್ಟುಕೊಂಡು, ಅದರ ಖರ್ಚಿಗೆ ಬಳ್ಳಾರಿ, ಅನಂತಪುರ, ಕಡಪದ ಸೀಮೆಗಳನ್ನು ಬಿಟ್ಟುಕೊಟ್ಟ. ಇದು ಸಾಲದೆಂದು ಮುಂದೆ ಹೆನ್ರಿ ರಸೆಲ್ ಎಂಬ ರೆಸಿಡೆಂಟನ ಕಾಲದಲ್ಲಿ ಇನ್ನೊಂದು ಪಡೆ ಹುಟ್ಟಿತು. ಅದೇ ಬೆಳೆದು 'ಹೈದರಾಬಾದ್ ಕಂಟಿಂಜೆಂಟ್' ಆಯಿತು. ಅಧಿಕಾರಿಗಳು ಇಂಗ್ಲಿಷರು, ಸಂಬಳ ಕೊಡಬೇಕಾದವನು ನಿಜಾಮ. ಲಿಂಗಸುಗೂರಿನಲ್ಲಿಯೂ ಅದರ ಛಾವಣಿ ಇತ್ತು. ಈ ಪಡೆಗೆ ಒಪ್ಪಂದದ ಆಧಾರ ಇರಲಿಲ್ಲ, ಆದರೆ ಖರ್ಚು ಪ್ರತಿ ತಿಂಗಳೂ ಇತ್ತು.

ಸಂಬಳ ಬಾಕಿ ಬಿತ್ತು. ಬಾಕಿಯನ್ನು ಕಂಪನಿ ತಾನೇ ಕೊಟ್ಟು ನಿಜಾಮನ ಹೆಸರಿಗೆ ಸಾಲ ಬರೆಯಿತು. ಬಡ್ಡಿ ಸೇರಿತು. 1853ರ ಹೊತ್ತಿಗೆ ಸಾಲ ನಲವತ್ತು ಲಕ್ಷ ರೂಪಾಯಿ ದಾಟಿತ್ತು. ಸಿಕಂದರಾಬಾದ್ ಮತ್ತು ಜಾಲ್ನಾ ಛಾವಣಿಗಳ ಅಬ್ಕಾರಿ ವರಮಾನವನ್ನು ಕಂಪನಿ ವರ್ಷಗಟ್ಟಲೆ ತಾನೇ ಇಟ್ಟುಕೊಂಡಿದೆ, ಅದನ್ನು ಲೆಕ್ಕಕ್ಕೆ ಹಿಡಿದರೆ ಈ ಸಾಲ ಇಷ್ಟು ಉಳಿಯದು ಎಂದು ಹೈದರಾಬಾದಿನವರು ವಾದಿಸಿದರು. ಗವರ್ನರ್ ಜನರಲ್ ಡಾಲ್‌ಹೌಸಿ ಕೇಳಲಿಲ್ಲ. 1853ರ ಮೇ 21ರಂದು ನಿಜಾಮ ನಾಸಿರುದ್ದೌಲ ಒಪ್ಪಂದಕ್ಕೆ ಒಪ್ಪಬೇಕಾಯಿತು. ಬೇರಾರ್, ಧಾರಾಶಿವ-ನಳದುರ್ಗದ ಸೀಮೆ ಮತ್ತು ನಮ್ಮ ರಾಯಚೂರು ದೋಆಬ್ ಕಂಪನಿಯ ಆಡಳಿತಕ್ಕೆ ಹೋದವು. ಒಂದು ಗುಂಡೂ ಹಾರಲಿಲ್ಲ. ಹಾರಬೇಕಾದ ಅಗತ್ಯವೂ ಇರಲಿಲ್ಲ, ಸೈನ್ಯ ಮೊದಲೇ ನಿಜಾಮನ ಮನೆಯೊಳಗಿತ್ತು.

ಎಡಗಡೆಯ ಕಂಬಸಾಲಿನಲ್ಲಿ 'ಸಾಲ' ಎಂದು ಬರೆಯೋಣ. ಬಲಗಡೆ ಏನು? ಕಳೆದುಕೊಂಡ ಮೂರೂ ಸೀಮೆಗಳು ಎರೆಭೂಮಿಯವು, ಹತ್ತಿ ಬೆಳೆಯುವವು. ಅದರಲ್ಲೂ ಬೇರಾರಿನ ಹತ್ತಿಗೆ ದೊಡ್ಡ ಹೆಸರು. ಇಂಗ್ಲೆಂಡಿನ ಲ್ಯಾಂಕಶೈರಿನ ಗಿರಣಿಗಳು ಬಹುಪಾಲು ಅಮೆರಿಕದ ಹತ್ತಿಯನ್ನೇ ನೆಚ್ಚಿಕೊಂಡಿದ್ದವು. ಆ ಒಂದೇ ದಾರಿ ಮುಚ್ಚಿದರೆ ಗತಿಯೇನೆಂಬ ಅಂಜಿಕೆ ಅವರಿಗಿತ್ತು. ಅದೇ 1853ರ ಏಪ್ರಿಲ್ 16ರಂದು ಮುಂಬಯಿ-ಠಾಣೆ ನಡುವೆ ಮೊದಲ ರೈಲು ಓಡಿತ್ತು. ಅದೇ ವರ್ಷ ಬರೆದ ರೈಲ್ವೆ ಟಿಪ್ಪಣಿಯಲ್ಲಿ ಡಾಲ್‌ಹೌಸಿ, ಇಂಗ್ಲೆಂಡಿಗೆ ಭಾರತದ ಹತ್ತಿ ಬೇಕಾಗಿದೆ, ಅದನ್ನು ಬಂದರಿಗೆ ಸಾಗಿಸಲು ರೈಲು ಬೇಕು ಎಂಬ ಅರ್ಥದಲ್ಲಿ ಬಿಚ್ಚಿ ಹೇಳಿದ್ದಾನೆ.

ಆಮೇಲೆ ಆದದ್ದು ಇನ್ನೂ ಸ್ಪಷ್ಟ. 1857-58ರ ಬಂಡಾಯದಲ್ಲಿ ಹೈದರಾಬಾದ್ ದರ್ಬಾರು ಇಂಗ್ಲಿಷರ ಕಡೆ ನಿಂತಿತು. ನಮ್ಮ ನೆರೆಯ ಸುರಪುರದ ರಾಜಾ ವೆಂಕಟಪ್ಪ ನಾಯಕ ಎದುರು ನಿಂತು ಅಳಿದ. 1860ರಲ್ಲಿ ನಿಜಾಮನಿಗೆ ಇನಾಮು ಸಿಕ್ಕಿತು. 50 ಲಕ್ಷ ರೂಪಾಯಿ ಸಾಲ ಮನ್ನಾ, ಸುರಪುರ ಅವನಿಗೆ, ರಾಯಚೂರು ದೋಆಬ್ ಮತ್ತು ಧಾರಾಶಿವ ವಾಪಸು. ಸಾಲವೇ ಕಾರಣವಾಗಿದ್ದರೆ ಸಾಲ ತೀರಿದ ಮೇಲೆ ಎಲ್ಲ ಸೀಮೆಗಳೂ ವಾಪಸಾಗಬೇಕಿತ್ತು. ಬೇರಾರ್ ಮಾತ್ರ ಬರಲಿಲ್ಲ. ಕಂಟಿಂಜೆಂಟಿನ ಖರ್ಚೆಂಬ ನೆಪದಲ್ಲಿ ಅದು ಅಲ್ಲೇ ಉಳಿಯಿತು. ಮರುವರ್ಷವೇ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿ ಹತ್ತಿಯ ರಫ್ತು ನಿಂತಿತು. ದಿವಾನ ಸಾಲಾರ್ ಜಂಗ್ ಬೇರಾರಿಗಾಗಿ ಲಂಡನ್ನಿನವರೆಗೆ ಹೋಗಿ ಬಂದರೂ ಫಲ ಸಿಗಲಿಲ್ಲ. ಕೊನೆಗೆ 1902ರಲ್ಲಿ ಕರ್ಜನ್ ವರ್ಷಕ್ಕೆ 25 ಲಕ್ಷ ರೂಪಾಯಿಗೆ ಅದನ್ನು ಶಾಶ್ವತ ಗುತ್ತಿಗೆಗೆ ಬರೆಸಿಕೊಂಡ. ನಮ್ಮ ಕಡೆ 1871ರಲ್ಲಿ ಮುಂಬಯಿಯ ರೈಲು ಕೃಷ್ಣೆಯನ್ನು ದಾಟಿ ರಾಯಚೂರಿನಲ್ಲಿ ಮದ್ರಾಸಿನ ರೈಲನ್ನು ಕೂಡಿತು. ಇಂದಿಗೂ ಸುಗ್ಗಿಯಲ್ಲಿ ರಾಯಚೂರಿನ ಹತ್ತಿ ಮಾರುಕಟ್ಟೆಯ ಮುಂದೆ ಬಂಡಿಗಳ ಸಾಲು ಕಂಡಾಗ ನನಗೆ ಈ ಕಥೆ ನೆನಪಾಗುತ್ತದೆ.

ಹತ್ತೊಂಬತ್ತನೆಯ ಶತಮಾನಕ್ಕೆ ಹತ್ತಿ ಹೇಗೋ, ಇಪ್ಪತ್ತನೆಯದಕ್ಕೆ ಎಣ್ಣೆ ಹಾಗೆ. 1853ರಿಂದ ಸರಿಯಾಗಿ ನೂರು ವರ್ಷ ಮುಂದೆ ಬನ್ನಿ. ಇರಾನಿನ ಪ್ರಧಾನಿ ಮೊಸಾದ್ದೆಕ್ 1951ರಲ್ಲಿ ಬ್ರಿಟಿಷರ ಕೈಯಲ್ಲಿದ್ದ ಎಣ್ಣೆ ಉದ್ಯಮವನ್ನು ರಾಷ್ಟ್ರೀಕರಣ ಮಾಡಿದರು. 1953ರ ಆಗಸ್ಟಿನಲ್ಲಿ ಬ್ರಿಟನ್ ಮತ್ತು ಅಮೆರಿಕದ ಗುಪ್ತಚರ ಸಂಸ್ಥೆಗಳು ಸೇರಿ ಅವರನ್ನು ಉರುಳಿಸಿದವು. ಕಮ್ಯುನಿಸ್ಟರು ಬರುತ್ತಾರೆಂಬ ಭಯ ಆಗ ಹೇಳಿದ ಮಾತು. ಮರುವರ್ಷ ಹೊಸ ಒಕ್ಕೂಟದಲ್ಲಿ ಹಳೆಯ ಬ್ರಿಟಿಷ್ ಕಂಪನಿಗೆ ನೂರಕ್ಕೆ 40, ಅಮೆರಿಕದ ಕಂಪನಿಗಳಿಗೆ ನೂರಕ್ಕೆ 40 ಪಾಲು ಸಿಕ್ಕಿತು. 2003ರಲ್ಲಿ ಇರಾಕಿನ ಮೇಲೆ ದಾಳಿ ಮಾಡುವಾಗ ಸಾಮೂಹಿಕ ವಿನಾಶದ ಅಸ್ತ್ರಗಳಿವೆ ಎಂದರು. ಎಷ್ಟು ಹುಡುಕಿದರೂ ಅವು ಸಿಗಲಿಲ್ಲ.

ಹಾಗೆಂದು ಬಲಗಡೆಯ ಕಂಬಸಾಲಿನಲ್ಲಿ 'ಎಣ್ಣೆ' ಎಂದು ಒಂದೇ ಪದ ಬರೆದು ಕೈ ತೊಳೆದುಕೊಂಡರೆ ನಮ್ಮ ಗುರುಗಳು ಪೂರ್ತಿ ಅಂಕ ಕೊಡುತ್ತಿರಲಿಲ್ಲ. 1990ರಲ್ಲಿ ಸದ್ದಾಂ ಹುಸೇನ್ ಕುವೈತನ್ನು ನುಂಗಿದ್ದು ಸುಳ್ಳಲ್ಲ. ಅವನ ಕಣ್ಣೂ ಎಣ್ಣೆಯ ಮೇಲೆಯೇ ಇತ್ತು. ನನ್ನ ಗೆಳೆಯನ ತಂದೆಯ ದುಡಿಮೆ ಹಾಳಾದದ್ದು ಅಮೆರಿಕದ ಬಾಂಬಿಗೆ ಮೊದಲು ಇರಾಕಿನ ಟ್ಯಾಂಕಿಗೆ. 2009ರಲ್ಲಿ ಇರಾಕಿನ ಎಣ್ಣೆ ಬಾವಿಗಳ ಹರಾಜಾದಾಗ ಚೀನಾ, ರಷ್ಯಾ, ಮಲೇಷ್ಯಾದ ಕಂಪನಿಗಳಿಗೂ ಗುತ್ತಿಗೆ ಸಿಕ್ಕಿತು. ಆದ್ದರಿಂದ ಲಾಭವೊಂದೇ ಅಲ್ಲ, ಹೆದರಿಕೆ, ಹಟ, ದೊಡ್ಡಸ್ತಿಕೆ, ಚುನಾವಣೆ, ಹಳೆಯ ಸೇಡು ಎಲ್ಲವೂ ಆ ಸಾಲಿನಲ್ಲಿ ಇರುತ್ತವೆ. ಆದರೆ ಎಣ್ಣೆ ಇಲ್ಲದ ನಾಡಿನ ಗೋಳಿಗೆ ಅಷ್ಟು ದೂರದಿಂದ ಅಷ್ಟು ಸೈನ್ಯ ಅಷ್ಟು ಬೇಗ ಬರುವುದು ಅಪರೂಪ ಎಂಬುದನ್ನು ಮರೆಯಬಾರದು.

ಅವ್ವನ ಪ್ರಶ್ನೆಗೆ ಈಗ ಉತ್ತರ ಹೇಳಬಲ್ಲೆ. ನಮ್ಮ ದೇಶ ಎಣ್ಣೆಯನ್ನು ಹೊರಗಿನಿಂದ ತರುತ್ತಿತ್ತು, ಅದರಲ್ಲಿ ಇರಾಕ್, ಕುವೈತಿನ ಪಾಲು ದೊಡ್ಡದಿತ್ತು. ಯುದ್ಧದಿಂದ ಬೆಲೆ ಏರಿತು, ವಿದೇಶಿ ಹಣ ಬರಿದಾಯಿತು. 1991ರಲ್ಲಿ ದೇಶ ತನ್ನ ಚಿನ್ನವನ್ನೇ ಒತ್ತೆ ಇಟ್ಟಿತು. ನಿಜಾಮ ಸೀಮೆ ಒತ್ತೆ ಇಟ್ಟ, ನಾವು ಚಿನ್ನ ಇಟ್ಟೆವು. ಅದರ ತುದಿಯಲ್ಲಿ ದೇವಸುಗೂರಿನ ಒಂದು ಸ್ಟೋವು ಆರಿತು. ಈ ಉತ್ತರ ಕೇಳಲು ಅವ್ವ ಈಗಿಲ್ಲ.

ಈ ಶಾಲೆಯಲ್ಲಿ ಇಂದು ಓದುತ್ತಿರುವ ಮಕ್ಕಳಿಗೆ ಒಂದು ಮಾತು. ಈಗ ಯುದ್ಧದ ಸುದ್ದಿ ನಿಮ್ಮ ಮೊಬೈಲಿಗೇ ಬರುತ್ತದೆ, ಯಾರದೋ ಪಕ್ಷ ಹಿಡಿದು ಕೂಗುವುದೂ ಸುಲಭ. ಕೂಗುವ ಮೊದಲು ನೋಟುಬುಕ್ಕಿನಲ್ಲಿ ಒಂದು ಗೆರೆ ಎಳೆಯಿರಿ. ಯಾರು ಏನು ಹೇಳಿದರು ಎಂಬುದನ್ನು ಎಡಕ್ಕೆ ಬರೆಯಿರಿ. ಯುದ್ಧ ಮುಗಿದ ಮೇಲೆ ಯಾರು ಏನು ಇಟ್ಟುಕೊಂಡರು, ಏನು ವಾಪಸು ಕೊಟ್ಟರು ಎಂಬುದನ್ನು ಬಲಕ್ಕೆ ಬರೆಯಿರಿ. ಎರಡೂ ತಾಳೆಯಾದರೆ ನಂಬಿರಿ, ಆಗದಿದ್ದರೆ ಎದ್ದು ನಿಂತು ಪ್ರಶ್ನೆ ಕೇಳಿರಿ. ಪ್ರಶ್ನೆ ಕೇಳಿದ ಹುಡುಗನನ್ನು ನೋಡಿ ನಗದ ಗುರುಗಳು ನನಗೆ ಇಲ್ಲಿ ಸಿಕ್ಕಿದ್ದರು. ಐವತ್ತು ವರ್ಷದ ಈ ಶಾಲೆಗೆ ನನ್ನ ನಮಸ್ಕಾರ ಅದಕ್ಕಾಗಿ.