ಬೋರ್ಡಿನ ಮೇಲೆ ಬರೆಯದ ರೂಲ್ಸು

ಸಾಣಾಪುರದ ಕೆರೆ ನೋಡಲು ದೇಶ-ವಿದೇಶದ ಮಂದಿ ಬರುತ್ತಾರೆ. ಹರಗೋಲಿನಲ್ಲಿ ಕೂರುತ್ತಾರೆ, ಗದ್ದೆ ದಂಡೆಯ ಹೋಂಸ್ಟೇಗಳಲ್ಲಿ ಉಣ್ಣುತ್ತಾರೆ. ಬಂದ ವಿದೇಶಿಯರ ಪಾಸ್‌ಪೋರ್ಟು ನೋಡುತ್ತಾರೆ, ಜಾತಿ ಕೇಳುವುದಿಲ್ಲ. ಸಂತೋಷ. ಆದರೆ ಇದೇ ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ, 2014ರಲ್ಲಿ, ಅದೇ ಮಣ್ಣಿನಲ್ಲಿ ಹುಟ್ಟಿದ ದಲಿತರಿಗೆ ಹೋಟೆಲಿನೊಳಗೆ ಜಾಗ ಇರಲಿಲ್ಲ, ಕಟಿಂಗ್ ಅಂಗಡಿಯ ಕುರ್ಚಿ ಇರಲಿಲ್ಲ.

ಧಂದೆಗೆ ನೀತಿ-ನಿಯಮ ಬೇಕೆಂದು ಈಗ ದೊಡ್ಡ ಕಂಪನಿಗಳು ಪುಸ್ತಕ ಅಚ್ಚು ಹಾಕಿಸುತ್ತವೆ. ನಮ್ಮ ಹಳ್ಳಿಯ ಚಾದಂಗಡಿಗೆ ನಿಯಮ ಮೊದಲಿಂದಲೂ ಇತ್ತು ಗೆಳೆಯರೇ! ಕೇರಿಯವರ ಲೋಟ ಹೊರಗೆ, ಗೋಡೆಯ ಸಂದಿನಲ್ಲಿ. ಕುಡಿದವನೇ ತೊಳೆದಿಡಬೇಕು. ಚಾ ಮೇಲಿಂದ ಸುರಿಯಬೇಕು. ಯಾರೂ ಬರೆಯಲಿಲ್ಲ, ಎಲ್ಲರೂ ಪಾಲಿಸಿದರು. ರೊಕ್ಕಕ್ಕೆ ಮಾತ್ರ ಮೈಲಿಗೆ ಇರಲಿಲ್ಲ.

ಬರೆದ ನಿಯಮ ಬಂದದ್ದು 1950ರ ಜನವರಿ 26ಕ್ಕೆ. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲುಗಳನ್ನು ಹೆಸರು ಹಿಡಿದೇ ಹೇಳಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ (1976ರಲ್ಲಿ ಅದೇ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಾಯಿತು) ಇನ್ನೂ ಒಳಗೆ ಕೈಹಾಕಿತು. ಹೋಟೆಲಿನ ಪಾತ್ರೆ ಮುಟ್ಟಗೊಡದಿರುವುದೂ ಅಪರಾಧ. ಅಸ್ಪೃಶ್ಯತೆಯ ಕಾರಣಕ್ಕೆ ಸರಕು ಮಾರದೆ, ಸೇವೆ ಕೊಡದೆ ಶಿಕ್ಷೆಯಾದವನ ಲೈಸೆನ್ಸನ್ನೇ ರದ್ದು ಮಾಡುವ ಅಧಿಕಾರ 8ನೇ ಕಲಮಿನಡಿ ನ್ಯಾಯಾಲಯಕ್ಕಿದೆ. ಮೇಷ್ಟ್ರುಗಳೇ, ಈ ಕಲಮನ್ನು ಮಕ್ಕಳಿಗೆ ಓದಿ ಹೇಳಿ. ಅಂಗಡಿಯವನಿಗೆ ಜೈಲಿಗಿಂತ ಲೈಸೆನ್ಸಿನ ಭಯ ದೊಡ್ಡದು.

ಅಮೆರಿಕೆಯ ಗ್ರೀನ್ಸ್‌ಬರೋ ಊರಿನಲ್ಲಿ 1960ರ ಫೆಬ್ರವರಿ 1ರಂದು ನಾಲ್ವರು ಕಪ್ಪು ವಿದ್ಯಾರ್ಥಿಗಳು ವೂಲ್ವರ್ತ್ ಅಂಗಡಿಯ ಊಟದ ಕಟ್ಟೆಗೆ ಹೋಗಿ ಕೂತರು. ಇವರು ಕೊಡಲಿಲ್ಲ, ಅವರು ಏಳಲಿಲ್ಲ. ಮರುದಿನ ಇನ್ನಷ್ಟು ಹುಡುಗರು ಬಂದರು. ವ್ಯಾಪಾರ ಬಿದ್ದುಹೋಯಿತು. ಜುಲೈ 25ಕ್ಕೆ ಕಂಪನಿಯ ರೂಲ್ಸು ಬದಲಾಯಿತು. ಮನಸ್ಸು ಕರಗಿ ಅಲ್ಲ, ಲುಕ್ಸಾನಿಗೆ! ಅವರ ದೇಶದ ಕಾನೂನು ಬಂದದ್ದು 1964ರಲ್ಲಿ, ನಮ್ಮದಕ್ಕಿಂತ ಒಂಬತ್ತು ವರ್ಷ ತಡವಾಗಿ. ಕಾನೂನು ಮೊದಲು ಬರೆದವರು ನಾವು. ಲೋಟ ಬದಲಾಯಿಸಿದವರು?

ಮರಕುಂಬಿಯಲ್ಲಿ ಒಳಗೆ ಬಿಡಿ ಎಂದು ಕೇಳಿದ್ದೇ ತಪ್ಪಾಯಿತು. 2014ರ ಆಗಸ್ಟ್ 28ರಂದು ದಲಿತರ ಮೇಲೆ ಬಿದ್ದರು, ಗುಡಿಸಲುಗಳಿಗೆ ಬೆಂಕಿ ಇಟ್ಟರು. ಹತ್ತು ವರ್ಷ ಕೇಸು ನಡೆಯಿತು. 2024ರ ಅಕ್ಟೋಬರ್ 24ರಂದು ಕೊಪ್ಪಳ ನ್ಯಾಯಾಲಯ 98 ಜನರಿಗೆ ಜೀವಾವಧಿ, ಮೂವರಿಗೆ ಐದು ವರ್ಷ ಶಿಕ್ಷೆ ಕೊಟ್ಟಿತು. ಮರುತಿಂಗಳೇ ಧಾರವಾಡದ ಹೈಕೋರ್ಟ್ ಪೀಠದಿಂದ ಅವರಲ್ಲಿ ಬಹುಪಾಲು ಮಂದಿಗೆ ಜಾಮೀನು ಸಿಕ್ಕಿತು.

ಬೆಂಕಿಗೆ ತೀರ್ಪು ಬಂತು. ಬೆಂಚಿನ ಮಾತು? "ನಾ ಒಳಗ ಬಿಟ್ಟರ ಊರ ಮಂದಿ ಬರಾಂಗಿಲ್ಲ, ನನ್ನ ಹೊಟ್ಟಿಪಾಡು ಏನು?" ಎನ್ನುವ ಅಂಗಡಿಯವನು ಎಲ್ಲ ಕಡೆ ಸಿಗುತ್ತಾನೆ. ಕತ್ತರಿ ಹಿಡಿದ ಹಡಪದವನೂ ಊರ ಗೌಡರ ಹಂಗಿನಲ್ಲೇ ಬದುಕಿದವನು, ಅದನ್ನೂ ಮರೆಯಬಾರದು. ಅವನೊಬ್ಬನನ್ನೇ ಬೈದರೆ ಊರು ತಪ್ಪಿಸಿಕೊಳ್ಳುತ್ತದೆ.

ಇನ್ನೊಂದು ಕಡೆಯಿದೆ. ಒಳಗೆ ಉಣ್ಣುವವನ ಮಾತಾಯಿತು, ಒಳಗೆ ದುಡಿಯುವವನದು? ಕೆಲಸದಲ್ಲಿ ಹುಟ್ಟಿನ ಭೇದ ಸಲ್ಲದೆಂಬ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 111ನೇ ಒಪ್ಪಂದಕ್ಕೆ ಭಾರತ 1960ರಲ್ಲೇ ಸಹಿ ಹಾಕಿದೆ. ಹೋಟೆಲಿಗೆ, ಹೋಂಸ್ಟೇಗೆ ಹೋದಾಗ ಕೇಳಿ ನೋಡಿ: ಕಕ್ಕಸು ತೊಳೆಯುವವರು ಯಾರು, ಒಲೆ ಮುಂದೆ ನಿಂತವರು ಯಾರು? ಅಡಿಗಿ ಮಾಡುವವರ ಜಾತಿ ಕೇಳಾಂಗಿಲ್ಲ, ಉಣ್ಣಾಕ ಬಂದವರ ಜಾತಿ ಕೇಳಾಂಗಿಲ್ಲ, ಎಲ್ಲರಿಗೂ ಒಂದೇ ಲೋಟ. ಇಷ್ಟನ್ನು ಪಂಚಾಯಿತಿಯವರು ಲೈಸೆನ್ಸು ಕೊಡುವಾಗಲೇ, ಚಾದ ರೇಟು ಬರೆಯುವ ಬೋರ್ಡಿನ ಮೇಲೆ ಬರೆಸಲಿ.