ದಕ್ಷಿಣದ ಬಾಗಿಲು: ನೇಪಾಳದ ಭಾರತಭೀತಿ

ನೇಪಾಳದ ಮೂರು ದಿಕ್ಕಿಗೂ ಭಾರತವಿದೆ. ಉತ್ತರಕ್ಕೆ ಹಿಮಾಲಯ, ಅದರಾಚೆ ಟಿಬೆಟ್. ಆ ದೇಶಕ್ಕೆ ಕಡಲಿಲ್ಲ. ಪೆಟ್ರೋಲ್, ಅಡುಗೆ ಅನಿಲ, ಔಷಧ, ಉಪ್ಪು ಎಲ್ಲವೂ ಹೆಚ್ಚಾಗಿ ದಕ್ಷಿಣದ ಗಡಿ ದಾಟಿಯೇ ಬರಬೇಕು. ಭಾರತದ ಬಗ್ಗೆ ನೇಪಾಳಿಗರಿಗಿರುವ ಅಂಜಿಕೆಗೆ ಸೈನ್ಯಕ್ಕಿಂತ ಈ ಸುಂಕದ ಕಟ್ಟೆಗಳೇ ದೊಡ್ಡ ಕಾರಣ.

ಅಂಜಿಕೆಯ ಮೊದಲ ಪಾಠ ಕಲಿಸಿದ್ದು ಈಸ್ಟ್ ಇಂಡಿಯಾ ಕಂಪನಿ. 1814ರಿಂದ 1816ರವರೆಗಿನ ಯುದ್ಧದಲ್ಲಿ ಸೋತ ನೇಪಾಳದ ಗೂರ್ಖಾ ದೊರೆಗಳು ಸುಗೌಲಿ ಒಪ್ಪಂದದಂತೆ ಕುಮಾವು, ಗಢವಾಲ್‌ಗಳನ್ನು ಬಿಟ್ಟುಕೊಟ್ಟರು. ಕಾಳಿ ನದಿ ಪಶ್ಚಿಮದ ಗಡಿಯಾಯಿತು, ಕಠ್ಮಂಡುವಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಬಂದು ಕೂತ. ದೇಶ ವಸಾಹತಾಗಲಿಲ್ಲ, ಆದರೆ ಅದರ ಸ್ವಾತಂತ್ರ್ಯವನ್ನು ಬ್ರಿಟನ್ ಸ್ಪಷ್ಟವಾಗಿ ಕಾಗದದ ಮೇಲೆ ಒಪ್ಪಿಕೊಂಡದ್ದು 1923ರಲ್ಲಿ.

ಬ್ರಿಟಿಷರು ಹೋದ ಮೇಲೆ, 1950ರ ಜುಲೈ 31ರಂದು ಶಾಂತಿ ಮತ್ತು ಮೈತ್ರಿ ಒಪ್ಪಂದಕ್ಕೆ ಸಹಿ ಬಿತ್ತು. ನೇಪಾಳದ ಪರ ಸಹಿ ಹಾಕಿದವರು ಪ್ರಧಾನಿ ಮೋಹನ್ ಶಮ್ಶೇರ್ ರಾಣಾ. ಭಾರತದ ಪರ ಬರಿಯ ರಾಯಭಾರಿ. ಈ ಅಸಮಾನತೆ ಅಲ್ಲಿಯವರನ್ನು ಇಂದಿಗೂ ಚುಚ್ಚುತ್ತದೆ. ಜೊತೆಗೆ ವಿನಿಮಯವಾದ ಪತ್ರಗಳನ್ನು ವರ್ಷಗಟ್ಟಲೆ ಗುಟ್ಟಾಗಿಟ್ಟದ್ದು ಅನುಮಾನವನ್ನು ಬಲಪಡಿಸಿತು. ಮರುವರ್ಷ ಫೆಬ್ರವರಿಯಲ್ಲಿ ರಾಣಾ ಮನೆತನದ ಆಡಳಿತ ಕುಸಿಯಿತು, ಭಾರತದ ನೆರವಿನಿಂದ ರಾಜ ತ್ರಿಭುವನ್ ಮರಳಿ ಅಧಿಕಾರಕ್ಕೆ ಬಂದರು. ಆಮೇಲೆ ಬಂದದ್ದು ಭಾರತದ ಸೇನಾ ನಿಯೋಗ ಮತ್ತು ಉತ್ತರ ಗಡಿಯ ಠಾಣೆಗಳಲ್ಲಿ ಭಾರತೀಯ ಸಿಬ್ಬಂದಿ. ಅವರನ್ನು ವಾಪಸು ಕರೆಸಿಕೊಳ್ಳಬೇಕೆಂದು ಪ್ರಧಾನಿ ಕೀರ್ತಿನಿಧಿ ಬಿಷ್ಟ 1969ರಲ್ಲಿ ಒತ್ತಾಯಿಸಬೇಕಾಯಿತು. ಒಂದು ವರ್ಷದ ನೋಟಿಸು ಕೊಟ್ಟರೆ 1950ರ ಒಪ್ಪಂದವನ್ನು ಮುರಿಯಬಹುದು. ಇಷ್ಟೆಲ್ಲ ಆಕ್ಷೇಪಿಸಿದ ಕಠ್ಮಂಡು ಆ ನೋಟಿಸನ್ನು ಕೊಟ್ಟಿಲ್ಲ, ಏಕೆಂದರೆ ಭಾರತದಲ್ಲಿ ದುಡಿಯುವ ಲಕ್ಷಾಂತರ ನೇಪಾಳಿಗರ ಅನ್ನವೂ ಅದೇ ಕಾಗದಕ್ಕೆ ಅಂಟಿಕೊಂಡಿದೆ.

1975ರಲ್ಲಿ ಪಕ್ಕದ ಸಿಕ್ಕಿಂ ಭಾರತದ ರಾಜ್ಯವಾಯಿತು. ಅದೇ ವರ್ಷ ಫೆಬ್ರವರಿಯಲ್ಲಿ, ಪಟ್ಟಾಭಿಷೇಕದ ಸಂದರ್ಭದಲ್ಲಿ, ರಾಜ ಬೀರೇಂದ್ರ ನೇಪಾಳವನ್ನು ಶಾಂತಿ ವಲಯವೆಂದು ಗುರುತಿಸಬೇಕೆಂದು ಜಗತ್ತನ್ನು ಕೇಳಿದರು. ನೂರಕ್ಕೂ ಹೆಚ್ಚು ದೇಶಗಳು ಒಪ್ಪಿದವು. ಒಪ್ಪಲೇಬೇಕಿದ್ದ ಭಾರತ ಒಪ್ಪಲಿಲ್ಲ.

ಅಂಜಿಕೆ ಅಡುಗೆಮನೆಗೇ ಬಂದದ್ದು 1989ರ ಮಾರ್ಚಿನಲ್ಲಿ. ಹಿಂದಿನ ವರ್ಷ ನೇಪಾಳ ಚೀನಾದಿಂದ ವಿಮಾನ ನಿರೋಧಕ ಫಿರಂಗಿಗಳನ್ನು ತರಿಸಿತ್ತು. ವ್ಯಾಪಾರ ಹಾಗೂ ಸಾಗಣೆ ಒಪ್ಪಂದಗಳ ಅವಧಿ ಮುಗಿದಾಗ ಭಾರತ 15 ಸಾಗಣೆ ಮಾರ್ಗಗಳಲ್ಲಿ ಎರಡನ್ನು ಮಾತ್ರ ತೆರೆದಿಟ್ಟಿತು. ಸೀಮೆಎಣ್ಣೆ ಸಿಗದೆ ಜನ ಸೌದೆಗಾಗಿ ಕಾಡು ಕಡಿದರು. ಸಿಟ್ಟು ಭಾರತದ ಮೇಲೆ ಮಾತ್ರ ಹೋಗಲಿಲ್ಲ. 1990ರ ಜನಾಂದೋಲನದ ಎದುರು ಅರಸನೇ ಮಣಿದು ಪಕ್ಷರಹಿತ ಪಂಚಾಯತ್ ವ್ಯವಸ್ಥೆಯನ್ನು ಕೈಬಿಟ್ಟ.

2015ರ ಏಪ್ರಿಲ್‌ನ ಭೂಕಂಪದಿಂದ ದೇಶ ಚೇತರಿಸಿಕೊಳ್ಳುವ ಮೊದಲೇ ಸೆಪ್ಟೆಂಬರಿನಲ್ಲಿ ಹೊಸ ಸಂವಿಧಾನ ಜಾರಿಯಾಯಿತು. ಬೆನ್ನಿಗೇ ಗಡಿಯಲ್ಲಿ ಲಾರಿಗಳು ನಿಂತವು. ತಡೆದವರು ಸಂವಿಧಾನದಿಂದ ಅತೃಪ್ತರಾದ, ನೇಪಾಳದ ದಕ್ಷಿಣ ಬಯಲಿನ ಮಧೇಸಿ ಹೋರಾಟಗಾರರು ಎಂದಿತು ದೆಹಲಿ. ನೇಪಾಳದ ಬಹುಪಾಲು ಜನ ಅದನ್ನು ನಂಬಲಿಲ್ಲ. ಮರುವರ್ಷ ಕಠ್ಮಂಡು ಚೀನಾದೊಡನೆ ಸಾಗಣೆ ಒಪ್ಪಂದ ಮಾಡಿಕೊಂಡಿತು. ಆದರೆ ಚೀನಾದ ಬಂದರುಗಳು ಮೂರು ಸಾವಿರ ಕಿ.ಮೀ. ದೂರದಲ್ಲಿವೆ, ನಡುವೆ ಭೂಕುಸಿತದ ಕಣಿವೆಗಳಿವೆ. ಬೆದರಿಕೆಗೆ ಉತ್ತರವಾಗಿ ಅದು ಸರಿ, ಹೊರೆ ಸಾಗಿಸಲು ಕಷ್ಟ.

ಈ ಸಂಶಯದ ಬಿಸಿ ಕರ್ನಾಟಕದ ಕೆಲವು ಮನೆಗಳಿಗೂ ತಟ್ಟಿದೆ. ಕಠ್ಮಂಡುವಿನ ಪಶುಪತಿನಾಥನ ಪೂಜೆಗೆ ದಕ್ಷಿಣ ಭಾರತದ ಭಟ್ಟರನ್ನು ನೇಮಿಸುವುದು ಹಳೆಯ ವಾಡಿಕೆ. ಈಚಿನವರು ಹೆಚ್ಚಾಗಿ ಕರ್ನಾಟಕದವರು. 2008ರ ಕೊನೆಯಲ್ಲಿ ಮಾವೋವಾದಿ ನೇತೃತ್ವದ ಸರ್ಕಾರದ ಕಾಲದಲ್ಲಿ ಅವರ ಜಾಗಕ್ಕೆ ನೇಪಾಳಿ ಅರ್ಚಕರನ್ನು ತರಲಾಯಿತು. ಭಕ್ತರ ಪ್ರತಿಭಟನೆ ಜೋರಾಗಿ ಸರ್ಕಾರ ಹಿಂದೆ ಸರಿಯಿತು. 2009ರಲ್ಲಿ ಹೊಸದಾಗಿ ನೇಮಕವಾದ ಇಬ್ಬರು ಭಟ್ಟರ ಮೇಲೆ ಹಲ್ಲೆಯೂ ನಡೆಯಿತು.

ಎಲ್ಲ ಹಳೆಯ ಒಪ್ಪಂದಗಳನ್ನು ಮರುಪರಿಶೀಲಿಸಲು ಎರಡೂ ದೇಶಗಳು ನೇಮಿಸಿದ ಗಣ್ಯರ ಸಮಿತಿ 2018ರಲ್ಲಿ ವರದಿ ಸಿದ್ಧಪಡಿಸಿತು, ಭಾರತ ಅದನ್ನು ಸ್ವೀಕರಿಸಲು ಮುಂದಾಗಲಿಲ್ಲ. 2020ರ ಮೇನಲ್ಲಿ ಲಿಪುಲೇಖ್ ಕಡೆಗಿನ ರಸ್ತೆಯನ್ನು ಭಾರತ ಉದ್ಘಾಟಿಸಿದಾಗ ನೇಪಾಳ ಕಾಲಾಪಾನಿ, ಲಿಪುಲೇಖ್, ಲಿಂಪಿಯಾಧುರಾಗಳನ್ನು ಒಳಗೊಂಡ ನಕ್ಷೆ ಹೊರಡಿಸಿ, ಜೂನ್‌ನಲ್ಲಿ ಸಂವಿಧಾನ ತಿದ್ದುಪಡಿಯ ಮೂಲಕ ಅದನ್ನು ತನ್ನ ಲಾಂಛನಕ್ಕೂ ಸೇರಿಸಿತು. ಈ ಪ್ರದೇಶಗಳು ತನ್ನವೆಂಬ ವಾದಕ್ಕೆ ಆಧಾರವಾಗಿ ಅದು ಮುಂದಿಟ್ಟದ್ದು ಸುಗೌಲಿ ಒಪ್ಪಂದದ ಕಾಳಿ ನದಿಯನ್ನೇ.