ಹುಳ ಮುಟ್ಟಿದ ಲೆಕ್ಕ

ನಮ್ಮ ಕಡೆ ಹಾವು ಕಚ್ಚೋದಿಲ್ಲ, ಹುಳ ಮುಟ್ಟುತ್ತೆ. ಅದರಲ್ಲೂ ದೀಪ ಹಚ್ಚಿದ ಮೇಲೆ ‘ಹಾವು’ ಅನ್ನೋ ಪದ ಬಾಯಲ್ಲಿ ಬಂದರೆ ಅಜ್ಜಿಯಿಂದ ಬೈಗುಳ ಗ್ಯಾರಂಟಿ. ನಮ್ಮ ಕಡೆ ಅಂದರೆ ಸಾಗರ ತಾಲ್ಲೂಕಿನಲ್ಲಿ ಶರಾವತಿ ಹಿನ್ನೀರಿನ ಆಚೆ ದಡ, ತುಮರಿ ಸುತ್ತಮುತ್ತ. ಸಿಗಂದೂರಿಗೆ ಹೋಗುವಾಗ ಲಾಂಚ್ ಮೇಲೆ ಕಾರು ಹತ್ತಿಸಿ ಸೆಲ್ಫಿ ತೆಗೆದುಕೊಂಡಿದ್ದರೆ ಆ ನೀರನ್ನ ನೀವೂ ನೋಡಿರ್ತೀರಿ. ಪ್ರವಾಸಿಗರಿಗೆ ಅದು ಚಂದದ ಸರೋವರ. ಅಲ್ಲಿಯವರಿಗೆ ಅದು 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಗದ್ದೆ, ತೋಟ, ಪೇಟೆಯ ದಾರಿ ಎಲ್ಲವನ್ನೂ ನುಂಗಿದ ನೀರು. ನಾಡಿಗೆಲ್ಲ ಕರೆಂಟ್ ಕೊಡೋಕೆ ಮುಳುಗಿದ ಆ ಊರುಗಳ ಪೈಕಿ ನಮ್ಮನೆಗೆ 1986ರಲ್ಲೂ ಕರೆಂಟ್ ಬಂದಿರಲಿಲ್ಲ. ಪೇಟೆಗೆ ಹೋಗೋಕೆ ಲಾಂಚ್ ಒಂದೇ ಗತಿ, ಅದೂ ಹಗಲು ಮಾತ್ರ. ಸಂಜೆಯ ಕೊನೇ ಟ್ರಿಪ್ ಹೋಯ್ತು ಅಂದರೆ ಬೆಳಗಿನ ತನಕ ನಾವು ದ್ವೀಪದವರು.

1986ರ ಅಕ್ಟೋಬರ್ ಕೊನೆಯ ವಾರದ ಕತೆ ಇದು. ಆಗ ನಾನಿನ್ನೂ ಹುಟ್ಟಿರಲಿಲ್ಲ. ಅಪ್ಪ ಒಂದು ಥರ ಹೇಳ್ತಾರೆ, ದೊಡ್ಡಮ್ಮ ಇನ್ನೊಂದು ಥರ. ಇಬ್ಬರೂ ಒಪ್ಪೋದನ್ನಷ್ಟೇ ಬರೀತೀನಿ.

ದೀಪಾವಳಿಗೆ ವಾರ ಇತ್ತು. ಹೊತ್ತು ಕಂತುವಾಗ ದೊಡ್ಡಮ್ಮ ಗದ್ದೆಯಂಚಿಂದ ಹುಲ್ಲಿನ ಹೊರೆ ಹೊತ್ತು ಬರ್ತಿದ್ದರು. ಬದುವಿನ ಹತ್ತಿರ ಬುಸ್ ಅಂತ ಒಂದು ಸದ್ದು. ಕೊಳಕು ಮಂಡಲದ ಸದ್ದು ಕುಕ್ಕರ್ ಕೂಗಿದ ಹಾಗಿರುತ್ತೆ ಅಂತ ಈಗ ಎಲ್ಲರೂ ಹೇಳ್ತಾರೆ. ಆಗ ನಮ್ಮನೇಲಿ ಕುಕ್ಕರ್ ಇರಲಿಲ್ಲ, ದೊಡ್ಡಮ್ಮನಿಗೆ ಅದು ಕಮ್ಮಾರನ ತಿದಿ ಒತ್ತಿದ ಹಾಗೆ ಕೇಳಿಸಿತಂತೆ. ಏನು ಅಂತ ಬಗ್ಗಿ ನೋಡೋ ಮೊದಲೇ ಕಾಲಿನ ಹರಡಿನ ಹತ್ತಿರ ಬೆಂಕಿ ಇಟ್ಟ ಹಾಗಾಯ್ತು. ಮನೆಗೆ ಬಂದು ಜಗಲಿ ಮೇಲೆ ಕೂತು ಹೇಳಿದ್ದು ಎರಡೇ ಪದ: ‘ಹುಳ ಮುಟ್ತು.’

ದೊಡ್ಡಪ್ಪ ಮೊಣಕಾಲಿನ ಕೆಳಗೆ ಹಗ್ಗ ಹಾಕಿ ಬಿಗಿದು ಕಟ್ಟಿದರು. ಆಮೇಲೆ ಶುರುವಾಗಿದ್ದು ದಾರಿಯ ಲೆಕ್ಕಾಚಾರ. ಲಾಂಚ್ ಹೋಗಿಯಾಗಿತ್ತು. ಕಾಡುದಾರೀಲಿ ಸುತ್ತಿ ಹೋಗೋಣ ಅಂದರೆ ಸುತ್ತಲಲ್ಲಿ ಇದ್ದದ್ದು ಒಂದೇ ಜೀಪು, ಅದು ಅವತ್ತು ಆಚೆ ದಡದಲ್ಲಿತ್ತು. ದೋಣಿ ಇತ್ತು. ಆದರೆ ಗಾಳಿ ಎದ್ದಿತ್ತು, ಹಿನ್ನೀರು ತುಂಬಿತ್ತು, ನೀರಿನಡಿ ಮುಳುಗಿದ ಮರದ ಬೊಡ್ಡೆಗಳು ಕತ್ತಲಲ್ಲಿ ಕಾಣೋದಿಲ್ಲ. ‘ಒಬ್ಬರನ್ನ ಉಳ್ಸೋಕೆ ಹೋಗಿ ಐದು ಜನ ಹೋಗೋದು ಬೇಡ’ ಅಂತ ಅಜ್ಜ ತೀರ್ಮಾನ ಕೊಟ್ಟರು. ಆ ತೀರ್ಮಾನ ಸರಿಯೋ ತಪ್ಪೋ ಅನ್ನೋ ಜಗಳ ನಮ್ಮನೇಲಿ ಈಗಲೂ ಮುಗಿದಿಲ್ಲ. ಅಪ್ಪನ ಪ್ರಕಾರ ದೋಣಿ ಹಾಕಬೇಕಿತ್ತು. ಆ ದೋಣೀಲಿ ಮಲಗಿ ಹೋಗಬೇಕಿದ್ದ ದೊಡ್ಡಮ್ಮ ಮಾತ್ರ ಮಾವನೋರು ಹೇಳಿದ್ದೇ ಸರಿ ಅಂತಾರೆ.

ಹೀಗೆ ಉಳಿದ ದಾರಿ ಅಂದರೆ ಪಕ್ಕದೂರಿನ ಮದ್ದು ಕೊಡೋರು. ಇಂಥ ಕತೆಗಳಲ್ಲಿ ನಾಟಿ ವೈದ್ಯ ಯಾವಾಗಲೂ ವಿಲನ್. ನಮ್ಮ ಕತೆಯಲ್ಲಿ ಹಾಗಿಲ್ಲ. ಅವರು ಬಂದರು, ಕಾಳುಮೆಣಸು ಅಗಿಸಿ ಖಾರ ಗೊತ್ತಾಗ್ತದಾ ಅಂತ ಕೇಳಿದರು, ಏನೋ ಬೇರು ತೇದು ಕುಡಿಸಿದರು. ಬಾತ ಕಾಲು ನೋಡಿ ಅಜ್ಜನನ್ನ ಅಂಗಳಕ್ಕೆ ಕರೆದು, ‘ಇದು ಮಂಡಲದ ಕೆಲಸ. ನನ್ನ ಕೈಲಿ ಆಗೋದಲ್ಲ. ಬೆಳಗಾಗ್ತಲೇ ದಾಟ್ಸಿ’ ಅಂದರು. ದುಡ್ಡು ಮುಟ್ಟಲಿಲ್ಲ. ಬೆಳಗಿನ ತನಕ ಕೂತೇ ಇದ್ದರು.

ಮದ್ದು ಕೊಡೋರಿಗೆ ಹಳ್ಳಿಗಳಲ್ಲಿ ಅಷ್ಟು ಹೆಸರು ಬಂದದ್ದಕ್ಕೆ ಹಾವುಗಳದ್ದೇ ಒಂದು ಪಾಲಿದೆ. ಮನುಷ್ಯರನ್ನ ಕಚ್ಚೋ ಹಾವುಗಳಲ್ಲಿ ಎಷ್ಟೋ ವಿಷವಿಲ್ಲದವು. ವಿಷದ ಹಾವೂ ಪ್ರತಿ ಸಲ ವಿಷ ಬಿಡೋದಿಲ್ಲ. ಅಂಥವರೆಲ್ಲ ಬೇರು ಕುಡಿದರೂ ಬದುಕ್ತಾರೆ, ನೀರು ಕುಡಿದರೂ ಬದುಕ್ತಾರೆ. ಆದರೆ ಹೆಸರು ಬೇರಿಗೆ.

‘ನಿದ್ದೆ ಮಾಡ್ಬೇಡ ಮಾರಾಯ್ತಿ’ ಅಂತ ಅಜ್ಜಿ ರಾತ್ರಿಯಿಡೀ ಮಾತಾಡಿಸ್ತಾ ಕೂತಿದ್ದಳು. ನಡುರಾತ್ರಿ ದೊಡ್ಡಮ್ಮ ಅಂಗಳಕ್ಕೆ ಉಗುಳಿದರು. ಲಾಟೀನಿನ ಬೆಳಕಲ್ಲಿ ಕೆಂಪು ಕಂಡು, ಇಂಥ ಹೊತ್ತಲ್ಲೂ ಕವಳ ಬೇಕಾ ನಿಂಗೆ ಅಂತ ಅಜ್ಜಿ ರೇಗಿದಳಂತೆ. ದೊಡ್ಡಮ್ಮ ಮಧ್ಯಾಹ್ನದಿಂದ ಕವಳ ಹಾಕಿರಲಿಲ್ಲ. ಅದು ವಸಡಿಂದ ಬರ್ತಿದ್ದ ರಕ್ತ. ಕೊಳಕು ಮಂಡಲದ ವಿಷ ರಕ್ತದಲ್ಲಿರೋ ಹೆಪ್ಪುಗಟ್ಟೋ ವಸ್ತುಗಳನ್ನ ಖರ್ಚು ಮಾಡಿ ಮುಗಿಸಿಬಿಡುತ್ತೆ. ಆಮೇಲೆ ವಸಡು, ಮೂಗು, ಮೂತ್ರ, ಎಲ್ಲಿ ಬೇಕಾದರೂ ರಕ್ತ ಸೋರಬಹುದು. ಈಗ ಆಸ್ಪತ್ರೆಗಳಲ್ಲಿ ಇದಕ್ಕೆ ತೀರಾ ಸರಳ ಪರೀಕ್ಷೆ ಇದೆ: ಒಣ ಗಾಜಿನ ಕೊಳವೇಲಿ ಸ್ವಲ್ಪ ರಕ್ತ ತೆಗೆದು 20 ನಿಮಿಷ ಅಲುಗಾಡಿಸದೆ ಇಟ್ಟು, ಆಮೇಲೆ ವಾಲಿಸಿ ನೋಡೋದು. ಹೆಪ್ಪುಗಟ್ಟದೆ ನೀರಿನ ಹಾಗೆ ಹರಿದರೆ ಮಂಡಲದ ವಿಷ ಕೆಲಸ ಮಾಡ್ತಿದೆ ಅಂತಲೇ ಅರ್ಥ. ಆ ರಾತ್ರಿ ಪರೀಕ್ಷೆ ಅಂಗಳದಲ್ಲೇ ಆಗಿಹೋಯ್ತು.

ಬೆಳಗ್ಗೆ ಕಂಬಳಿ ಜೋಲಿ ಕಟ್ಟಿ ಹೊತ್ತು ತಂದು ಮೊದಲ ಲಾಂಚ್ ಹತ್ತಿಸಿದರು. ಆಚೆ ದಡದ ಮೊದಲ ಆಸ್ಪತ್ರೆಯಲ್ಲಿ ಇದ್ದದ್ದು ಎರಡೇ ವೈಲು. ಎರಡನ್ನೂ ಹಾಕಿ ದೊಡ್ಡಾಸ್ಪತ್ರೆಗೆ ಕಳಿಸಿದರು. ಅಪ್ಪನ ಲೆಕ್ಕದಲ್ಲಿ, ಹುಳ ಮುಟ್ಟಿದ್ದಕ್ಕೂ ಮೊದಲ ವೈಲಿಗೂ ನಡುವೆ 16 ಗಂಟೆ. ದೊಡ್ಡಮ್ಮ ಬದುಕಿದರು. ಹತ್ತು ದಿನ ಕಿಡ್ನಿ ಕೆಲಸ ಮಾಡಲಿಲ್ಲ, ಹಗ್ಗ ಬಿಗಿದ ಕಡೆ ಮಾಂಸ ಕೊಳೆತು ತೊಡೆಯ ಚರ್ಮ ತೆಗೆದು ಅಲ್ಲಿಗೆ ಹಾಕಿದರು. ಈಗಲೂ ಆ ಕಾಲು ಎಳೆದೇ ನಡೀತಾರೆ. ಹೀಗೆ ಕಟ್ಟಬೇಡಿ, ಕಾಲು ಅಲುಗಾಡಿಸದೆ ಆದಷ್ಟು ಬೇಗ ಆಸ್ಪತ್ರೆಗೆ ತನ್ನಿ ಅಂತ ಈಗಿನ ಡಾಕ್ಟರುಗಳು ಬಡಕೊಳ್ಳೋದು ಇದಕ್ಕೇ.

ನನ್ನ ತಲೆ ತಿಂದ ಪ್ರಶ್ನೆ ಬೇರೆ. ಆ 16 ಗಂಟೆ ಹೊತ್ತು ಮದ್ದು ಎಲ್ಲಿತ್ತು? ಹಾವಿನ ವಿಷಕ್ಕೆ ಸೀರಮ್ ತಯಾರಾಗಿ ಅವತ್ತಿಗೆ ಸುಮಾರು 90 ವರ್ಷ ಆಗಿತ್ತು. ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್, ಆಗಿನ ಫ್ರೆಂಚ್ ವಸಾಹತು ಸೈಗಾನ್‌ನಲ್ಲಿ ನಾಗರ ಕಡಿತದ ಸಾವುಗಳನ್ನ ಕಂಡು ಕೆಲಸ ಶುರುಮಾಡಿದವನು, 1890ರ ದಶಕದ ಮಧ್ಯದಲ್ಲೇ ಅದನ್ನ ಸಾಧಿಸಿದ್ದ. ಪ್ರಾಣಿಗೆ ಸ್ವಲ್ಪ ಸ್ವಲ್ಪವೇ ವಿಷ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟೋ ಪ್ರತಿವಿಷವನ್ನ ಬೇರ್ಪಡಿಸೋದು ಅವನ ವಿಧಾನ. ಇವತ್ತಿನ ವೈಲು ಕೂಡ ಮೂಲದಲ್ಲಿ ಅದೇ, ಕುದುರೆಯ ರಕ್ತದಿಂದ ಬರೋದು. ತನ್ನ ಸೀರಮ್ ಎಲ್ಲಾ ಹಾವಿಗೂ ಆಗುತ್ತೆ ಅಂತ ಕಾಲ್ಮೆಟ್ ನಂಬಿದ್ದ. ನಾಗರದ ಸೀರಮ್ಮು ಕೊಳಕು ಮಂಡಲಕ್ಕೆ ನಾಟೋದಿಲ್ಲ ಅಂತ 20ನೇ ಶತಮಾನದ ಶುರುವಿನಲ್ಲೇ ಬಾಂಬೆಯಲ್ಲಿ ಪ್ರಯೋಗ ಮಾಡಿ ತೋರಿಸಿದವನು ಜಾರ್ಜ್ ಲ್ಯಾಂಬ್. ಆಮೇಲೆ ಹಿಮಾಲಯದ ತಪ್ಪಲಿನ ಕಸೌಲಿಯಲ್ಲಿ, 1905ರಲ್ಲಿ ಶುರುವಾದ ಸಂಸ್ಥೆಯಲ್ಲಿ, ನಮ್ಮ ಹಾವುಗಳಿಗೇ ಸೀರಮ್ ತಯಾರಾಗತೊಡಗಿತು. ನಾಗರ, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ಸೇರಿಸಿ ಒಂದೇ ಮದ್ದು ಬಂದದ್ದು ಅದರ ಮುಂದಿನ ಹೆಜ್ಜೆ. ಪುಡಿ ರೂಪದಲ್ಲೂ ಸಿಗುತ್ತೆ, ಅದಕ್ಕೆ ಫ್ರಿಜ್ಜೂ ಕಡ್ಡಾಯವಲ್ಲ.

ವಿಷ ತೆಗೆಯೋರೂ ಇದ್ದರು. ಹಾವಿನ ಚರ್ಮದ ವ್ಯಾಪಾರ ನಿಂತ ಮೇಲೆ ಹೊಟ್ಟೆಪಾಡು ಕಳಕೊಂಡ ತಮಿಳುನಾಡಿನ ಇರುಳರು, ರೋಮುಲಸ್ ವಿಟೇಕರ್ ಜೊತೆಗೂಡಿ 1978ರಲ್ಲಿ ಮದ್ರಾಸಿನ ಹತ್ತಿರ ಸಹಕಾರ ಸಂಘ ಕಟ್ಟಿದರು. ಹಾವು ಹಿಡಿದು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡೋದು. ದೇಶದ ಪ್ರತಿವಿಷದ ಕಂಪನಿಗಳು ಬಹುಪಾಲು ನಂಬಿಕೊಂಡದ್ದು ಈ ವಿಷವನ್ನೇ. ಅಂದರೆ ವಿಜ್ಞಾನ ಇತ್ತು, ಕುದುರೆ ಇತ್ತು, ಹಾವು ಹಿಡಿಯೋ ಕೈ ಇತ್ತು. ಇರದೇ ಇದ್ದದ್ದು ನಮ್ಮ ದಡದಲ್ಲಿ ಒಂದು ಡಬ್ಬ ವೈಲು.

ಯಾಕಿರಲಿಲ್ಲ ಅಂದರೆ, ಮದ್ದು ಕಳಿಸೋಕೆ ಮೊದಲು ಅಲ್ಲಿ ಜನ ಸಾಯ್ತಿದ್ದಾರೆ ಅಂತ ಯಾರಾದರೂ ಬರೆದಿರಬೇಕು. ಬ್ರಿಟಿಷರ ಕಾಲದಲ್ಲಿ ಜೋಸೆಫ್ ಫೇರರ್ ಅನ್ನೋ ಡಾಕ್ಟರು ಹಾಗೆ ಬರೆಯೋಕೆ ಹೊರಟಿದ್ದ. ಬಂಗಾಳ ಪ್ರೆಸಿಡೆನ್ಸಿ ಮತ್ತು ಉತ್ತರದ ಕೆಲವು ಪ್ರಾಂತ್ಯಗಳಿಂದ ಅಂಕಿ ತರಿಸಿ ಕೂಡಿದಾಗ 1869ರ ಒಂದೇ ವರ್ಷಕ್ಕೆ ಅವನಿಗೆ ಸಿಕ್ಕಿದ್ದು 11,416 ಸಾವು. ಸರ್ಕಾರ ಕಂಡುಕೊಂಡ ಪರಿಹಾರ ಸತ್ತ ಹಾವಿಗೆ ಇನಾಮು. (ದುಡ್ಡಿನಾಸೆಗೆ ದೆಹಲಿಯವರು ನಾಗರ ಸಾಕಿದರು ಅನ್ನೋ ಕತೆಯನ್ನ ಆಫೀಸಿನ ಟ್ರೈನಿಂಗ್‌ನಲ್ಲಿ ಕೇಳಿರ್ತೀರಿ. ಕತೆ ಚೆನ್ನಾಗಿದೆ, ಗಟ್ಟಿ ದಾಖಲೆ ಇಲ್ಲ.)

ಸ್ವಾತಂತ್ರ್ಯ ಬಂದ ಮೇಲೆ ಲೆಕ್ಕ ಇನ್ನೂ ಸೊರಗಿತು. ಸರ್ಕಾರದ ಪುಸ್ತಕಕ್ಕೆ ಹೋಗಿದ್ದು ಆಸ್ಪತ್ರೆಯಲ್ಲಾದ ಸಾವು ಮಾತ್ರ, ವರ್ಷಕ್ಕೆ ಒಂದೆರಡು ಸಾವಿರ. ಮಿಲಿಯನ್ ಡೆತ್ ಸ್ಟಡಿಯವರು ಮನೆಮನೆಗೆ ಹೋಗಿ ‘ನಿಮ್ಮ ಮನೇಲಿ ಯಾರು, ಹೇಗೆ ತೀರಿಕೊಂಡರು’ ಅಂತ ಕೇಳಿದರು. 2011ರಲ್ಲಿ ಬಂದ ಅವರ ಅಂದಾಜು, 2005ರ ಒಂದೇ ವರ್ಷಕ್ಕೆ ಸುಮಾರು 46,000. ಅದರಲ್ಲಿ 97% ಹಳ್ಳಿಯವರು. ಆಸ್ಪತ್ರೆಯಲ್ಲಿ ಸತ್ತವರು 23% ಮಾತ್ರ. ಉಳಿದವರು ಮನೇಲೋ, ದಾರೀಲೋ, ನಮ್ಮಂಥ ಊರಿನ ಲಾಂಚ್ ಕಟ್ಟೆಯಂಥ ಜಾಗದಲ್ಲೋ. 2020ರ ಇನ್ನೊಂದು ಅಧ್ಯಯನದ ಪ್ರಕಾರ 2000ದಿಂದ 2019ರವರೆಗೆ ಒಟ್ಟು 12 ಲಕ್ಷ.

ದೊಡ್ಡಮ್ಮ ಆಸ್ಪತ್ರೆಗೆ ಹೋಗಿದ್ದರಿಂದ ಅವರ ಹೆಸರು ಯಾವುದೋ ರಿಜಿಸ್ಟರಿನಲ್ಲಿದೆ. ಅದೇ ಮಳೆಗಾಲದಲ್ಲಿ ಮೇಲಿನಮನೆಯ ಹುಡುಗನೊಬ್ಬ ನೆಲದ ಮೇಲೆ ಚಾಪೇಲಿ ಮಲಗಿದ್ದವನು ಬೆಳಗಿನ ಜಾವ ಹೊಟ್ಟೆನೋವು ಅಂದ, ರೆಪ್ಪೆ ಎತ್ತೋಕಾಗ್ತಿಲ್ಲ ಅಂದ, ಲಾಂಚ್ ಬರೋದರೊಳಗೆ ಹೋಗಿಬಿಟ್ಟ. ಕಟ್ಟುಹಾವು ಕಚ್ಚಿದರೆ ಎಷ್ಟೋ ಸಲ ನೋವೂ ಇರೋದಿಲ್ಲ, ಗಾಯವೂ ಕಾಣೋದಿಲ್ಲ. ಊರಲ್ಲಿ ಅದನ್ನ ದೃಷ್ಟಿ ಅಂದವರಿದ್ದರು, ಗಾಳಿ ಅಂದವರಿದ್ದರು. ಯಾವ ಡಾಕ್ಟರೂ ನೋಡಲಿಲ್ಲ, ಯಾವ ಪುಸ್ತಕದಲ್ಲೂ ಬರಲಿಲ್ಲ. ಆ ಮನೆಯವರು ಈಗಲೂ ಅದನ್ನ ಹುಳ ಅಂತಲೂ ಅನ್ನೋದಿಲ್ಲ.

ಈಗೀಗ ಬರೀತಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹಾವು ಕಡಿತವನ್ನ ನಿರ್ಲಕ್ಷಿತ ಕಾಯಿಲೆಗಳ ಪಟ್ಟಿಗೆ ಸೇರಿಸಿತು. 2024ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಇದನ್ನ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಅಂತ ಘೋಷಿಸಿತು. ಸರ್ಕಾರಿ ಆಸ್ಪತ್ರೆಯಾಗಲಿ ಖಾಸಗಿಯಾಗಲಿ, ಕೇಸು ಬಂದರೆ ಮೇಲಕ್ಕೆ ತಿಳಿಸಲೇಬೇಕು. ಮರು ತಿಂಗಳೇ ಕೇಂದ್ರ ಸರ್ಕಾರವೂ 2030ರೊಳಗೆ ಸಾವು ಅರ್ಧಕ್ಕೆ ಇಳಿಸೋ ಯೋಜನೆ ಹೊರಡಿಸಿತು. ಎಲ್ಲಿ ಎಷ್ಟು ಕೇಸು ಅಂತ ಗೊತ್ತಾದರೆ ಎಲ್ಲಿಗೆ ಎಷ್ಟು ವೈಲು ಅನ್ನೋದನ್ನ ಊಹೆ ಮೇಲೆ ಬಿಡಬೇಕಿಲ್ಲ. ನನಗೆ ಇದು ದೊಡ್ಡ ಸುದ್ದಿ ಅನ್ನಿಸಿತು, ಪೇಪರಲ್ಲಿ ಅಂಥ ಜಾಗವೇನೂ ಸಿಗಲಿಲ್ಲ.

2025ರ ಜುಲೈ 14ಕ್ಕೆ ಹಿನ್ನೀರಿನ ಮೇಲೆ ಸೇತುವೆಯೂ ಆಯ್ತು, ಎರಡೂಕಾಲು ಕಿಲೋಮೀಟರಿಗಿಂತ ಉದ್ದ. ಆರು ದಶಕದ ಕೂಗಿಗೆ ಸಿಕ್ಕ ಉತ್ತರ. ಈಗ ರಾತ್ರಿ ಎರಡು ಗಂಟೆಗೂ ಆಂಬುಲೆನ್ಸ್ ದಾಟಬಹುದು.

ದಾಟಿದ ಮೇಲೂ ಒಂದು ತೊಡಕಿದೆ. ಮಲೆನಾಡಿನ ತೋಟಗಳ ದರಗಿನಲ್ಲಿ, ಮೂತಿ ಮೇಲಕ್ಕೆ ಎತ್ತಿದ ಹಾಗಿರೋ ಒಂದು ಗಿಡ್ಡ ಹಾವಿದೆ, ಇಂಗ್ಲಿಷಿನವರು ಹಂಪ್‌ನೋಸ್ಡ್ ಪಿಟ್ ವೈಪರ್ ಅಂತಾರೆ. ನೋಡೋಕೆ ಮಂಡಲದ ಮರಿ ಥರ. ಕೆಲವು ಸಲ ರಕ್ತ ಹೆಪ್ಪುಗಟ್ಟದ ಹಾಗೆ ಮಾಡಿ ಕಿಡ್ನಿಗೂ ಕೈ ಹಾಕುತ್ತೆ. ನಾಲ್ಕು ಹಾವಿನ ಆ ವೈಲಿನಲ್ಲಿ ಇದಕ್ಕೆ ಮದ್ದಿಲ್ಲ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಕಾರ್ತಿಕ್ ಸುನಗರ್ ಅವರ ತಂಡ ಪಟ್ಟಿಯಿಂದ ಹೊರಗುಳಿದ ಇಂಥ ಹಾವುಗಳ ವಿಷವನ್ನ, ಒಂದೇ ಜಾತಿಯ ಹಾವಿನ ವಿಷ ಊರಿಂದೂರಿಗೆ ಬದಲಾಗೋದನ್ನ ಅಧ್ಯಯನ ಮಾಡ್ತಿದೆ. ಸದ್ಯಕ್ಕೆ ಅದು ಕಚ್ಚಿದರೆ ಡಾಕ್ಟರು ರಕ್ತ ನೋಡ್ತಾ, ಮೂತ್ರ ಅಳೀತಾ, ಬೇಕಾದರೆ ಡಯಾಲಿಸಿಸ್ ಮಾಡಿಸ್ತಾ ಕಾಯ್ತಾರೆ.